ಇಪ್ಪತ್ತು ನಿಮಿಷಕ್ಕೆ ಯಾರ ಅಪ್ಪಣೆ ಬೇಕು?

ಪ್ರಶ್ನೆ: ನನಗೆ 39 ವರ್ಷ. ಆಫೀಸು, ಮನೆ, ಇಬ್ಬರು ಮಕ್ಕಳು. ಕುತ್ತಿಗೆ, ಬೆನ್ನು ಯಾವಾಗಲೂ ಹಿಡಿದುಕೊಂಡಿರುತ್ತವೆ. ರಾತ್ರಿ ನಿದ್ದೆ ಸರಿಯಿಲ್ಲ. ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿ, ದೊಡ್ಡ ತೊಂದರೆ ಏನಿಲ್ಲ, ಯೋಗ ಶುರು ಮಾಡಿ ಅಂದರು. ಮೂರು ಸಲ ಕ್ಲಾಸಿಗೆ ಸೇರಿದೆ, ಮೂರು ಸಲವೂ ಬಿಟ್ಟೆ. ಮೊದಲೆರಡು ಸಲ, ಹೊರಡುವ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಯಾರಾದರೂ ಏನಾದರೂ ಕೆಲಸ ಹೇಳುತ್ತಿದ್ದರು. ಆಗಲ್ಲ ಅನ್ನಲು ನನಗೆ ಬಾಯೇ ಬರುವುದಿಲ್ಲ. ಮೂರನೇ ಸಲ ಟೀಚರ್ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ಒತ್ತಿದರು. ನೋವಾಯಿತು, ಆದರೂ ಸುಮ್ಮನಿದ್ದೆ. ಮಾರನೇ ದಿನದಿಂದ ಹೋಗಲಿಲ್ಲ. ಯೋಗ ಮಾಡಿದರೆ ಧೈರ್ಯ ಬರುತ್ತದೆ ಅಂತಾರಲ್ಲ, ನಿಜವಾ? ನನ್ನಂಥವಳು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೂರನೇ ಸಲದ್ದನ್ನೇ ಮೊದಲು ಮಾತಾಡೋಣ. ಯಾಕಂದ್ರೆ ಅದು ನನಗೂ ಆಗಿದೆ.

ನಾನು ಕಲಿಯಲು ಶುರು ಮಾಡಿದ ಎರಡನೇ ವರ್ಷ ಇರಬೇಕು. ಪಶ್ಚಿಮೋತ್ತಾನಾಸನ ಮಾಡಿಸುತ್ತಿದ್ದರು. ಕಾಲು ಚಾಚಿ ಕೂತು, ಮುಂದಕ್ಕೆ ಬಾಗಿ ಪಾದ ಹಿಡಿಯುವ ಆಸನ ಅದು. ನನ್ನ ಕೈ ಮೊಣಕಾಲು ದಾಟಿ ಮೀನಖಂಡದ ಹತ್ತಿರ ನಿಂತುಬಿಟ್ಟಿತ್ತು. ಗುರುಗಳು ಹಿಂದಿನಿಂದ ಬಂದರು. ಬೆನ್ನಿನ ಮೇಲೆ ಎರಡೂ ಅಂಗೈ ಇಟ್ಟು, ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಅನ್ನುತ್ತಾ ಮೈಭಾರ ಬಿಟ್ಟರು. ಬಲಗಡೆ, ಕೂತಾಗ ನೆಲಕ್ಕೆ ಒತ್ತುವ ಮೂಳೆ ಇದೆಯಲ್ಲ, ಅದರ ಹತ್ತಿರ ಚುಳ್ ಅಂತು. ‘ಸರಿ ಇದೆಯಾ?’ ಅಂತ ಕೇಳಿದರು. ಕೇಳಿದ್ದಂತೂ ಕೇಳಿದರು, ಅದನ್ನು ಒಪ್ಪಬೇಕು. ನಾನು ‘ಹ್ಞೂಂ ಸರ್, ಸರಿ ಇದೆ’ ಅಂದೆ. ಆಮೇಲೆ ಎಂಟು ತಿಂಗಳು, ಗಟ್ಟಿ ಕುರ್ಚಿ ಸಿಕ್ಕಿದಲ್ಲೆಲ್ಲ ಎಡಕ್ಕೆ ವಾಲಿಕೊಂಡು ಕೂತೆ.

ಅಲ್ಲಿ ಆಗುವುದು ಇಷ್ಟು. ತೊಡೆಯ ಹಿಂದಿನ ಸ್ನಾಯುಗಳು ಆ ಮೂಳೆಗೆ ಗಟ್ಟಿ ನಾರಿನ ಹಾಗೆ ಅಂಟಿಕೊಂಡಿರುತ್ತವೆ. ಸ್ನಾಯುವನ್ನು ಹಠಾತ್ತಾಗಿ ಎಳೆದರೆ, ಹರಿದುಹೋಗದಿರಲಿ ಅಂತ ಅದು ತಾನಾಗಿಯೇ ಬಿಗಿಯುತ್ತದೆ. ಹಾಗೆ ಬಿಗಿದಿರುವಾಗ ಮೇಲಿನಿಂದ ಇನ್ನೊಬ್ಬರು ಒತ್ತಿದರೆ ಎಳೆತ ಆ ನಾರಿನ ಮೇಲೆ ಬೀಳುತ್ತದೆ. ಆ ಜಾಗದಲ್ಲಿ ರಕ್ತದ ಓಡಾಟ ಕಡಿಮೆ, ಹಾಗಾಗಿ ವಾಸಿಯಾಗುವುದು ತುಂಬ ನಿಧಾನ. ನೋಯುತ್ತದೆ ಅಂತ ಮತ್ತೆ ಮತ್ತೆ ಅದನ್ನೇ ಎಳೆದರೆ ಇನ್ನೂ ಜಾಸ್ತಿ ಆಗುತ್ತದೆ. ನಾನು ಅದನ್ನೂ ಮಾಡಿದೆ ಬಿಡಿ. ನಿಮಗೆ ಈಗಲೂ ಅಲ್ಲಿ ನೋವು ಉಳಿದಿದ್ದರೆ ಮುಂದೆ ಬಾಗುವ ಆಸನಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಫಿಸಿಯೋಥೆರಪಿಸ್ಟ್ ಒಬ್ಬರಿಗೆ ತೋರಿಸಿ.

ಎಳೆತ ಬೇರೆ, ನೋವು ಬೇರೆ. ಸ್ನಾಯುವಿನ ಮಧ್ಯದಲ್ಲಿ, ಅಗಲವಾಗಿ, ಮಂದವಾಗಿ ಎಳೆದ ಹಾಗಿದ್ದು, ನಾಲ್ಕಾರು ಉಸಿರಿಗೆ ಸಡಿಲವಾದರೆ ತೊಂದರೆಯಿಲ್ಲ. ಕೀಲಿನ ಹತ್ತಿರ ಚುಚ್ಚಿದರೆ, ಒಂದೇ ಬೊಟ್ಟಿನಲ್ಲಿ ‘ಇಲ್ಲೇ’ ಅಂತ ತೋರಿಸುವ ಹಾಗಿದ್ದರೆ, ಕರೆಂಟ್ ಹೊಡೆದ ಹಾಗೆ ಕೆಳಗೆ ಇಳಿದರೆ, ಜೋಮು ಹಿಡಿದರೆ, ತಕ್ಷಣ ಹೊರಗೆ ಬನ್ನಿ. ಅನುಮಾನ ಬಂದಾಗ ನಾನು ಬಳಸುವ ಪರೀಕ್ಷೆ ಒಂದಿದೆ. ಆಸನದಲ್ಲಿರುವಾಗಲೇ ಒಂದು ಪೂರ್ತಿ ವಾಕ್ಯ ಮಾತಾಡಿ ನೋಡಿ. ದನಿ ಕಟ್ಟಿದರೆ ನಿಮ್ಮ ಮಿತಿ ಹಿಂದೆಯೇ ದಾಟಿಹೋಗಿದೆ.

ಈಗ ಧೈರ್ಯದ ಪ್ರಶ್ನೆ. ಯೋಗ ಮಾಡಿದ ಮಾತ್ರಕ್ಕೆ ‘ಆಗಲ್ಲ’ ಅನ್ನಲು ಬಾಯಿ ಬರುವುದಿಲ್ಲ. ತಲೆ ಕೆಳಗೆ ಮಾಡಿ ಐದು ನಿಮಿಷ ನಿಲ್ಲಬಲ್ಲವರು, ಫೋನಿನಲ್ಲಿ ಯಾರಾದರೂ ದನಿ ಏರಿಸಿದರೆ ‘ಆಯ್ತು ಆಯ್ತು, ಮಾಡ್ತೀನಿ’ ಅಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯೋಗ ಕೊಡುವುದು ಅದಕ್ಕಿಂತ ಚಿಕ್ಕದು, ಆದರೆ ಕೆಲಸಕ್ಕೆ ಬರುವಂಥದ್ದು.

ಮುಂದಿನ ಸಲ ಯಾರಾದರೂ ಬೇಡದ ಕೆಲಸ ಹೇಳಿದಾಗ ನಿಮ್ಮ ಮೈಯನ್ನು ಗಮನಿಸಿ. ಬಾಯಿ ‘ಆಯ್ತು’ ಅನ್ನುವುದಕ್ಕೆ ಮೊದಲೇ ಉಸಿರು ನಿಂತಿರುತ್ತದೆ. ಭುಜ ಕಿವಿಯ ಕಡೆಗೆ ಏರಿರುತ್ತದೆ. ಹಲ್ಲು ಕಚ್ಚಿಕೊಂಡಿರುತ್ತೀರಿ. ದಿನಕ್ಕೆ ಹತ್ತು ಸಲ ಹೀಗೆ ಆದರೆ ಸಂಜೆಗೆ ಕುತ್ತಿಗೆ ಹಿಡಿಯದೆ ಇನ್ನೇನಾಗುತ್ತದೆ ಹೇಳಿ. ಮ್ಯಾಟಿನ ಮೇಲೆ ನೀವು ದಿನಾ ಮಾಡುವುದೂ ಇದೇ ಗಮನಿಸುವ ಕೆಲಸ: ಇಲ್ಲಿ ಉಸಿರು ನಿಂತಿತು, ಇಲ್ಲಿ ಭುಜ ಏರಿತು, ಸ್ವಲ್ಪ ಹಿಂದೆ ಬರೋಣ. ಕೆಲವು ವಾರ ಹೀಗೆ ಮಾಡಿದ ಮೇಲೆ ಹೊರಗೂ ಅದು ಬೇಗ ಕಣ್ಣಿಗೆ ಬೀಳುತ್ತದೆ. ಅರ್ಧ ಸೆಕೆಂಡು ಸಿಗುತ್ತದೆ, ಅಷ್ಟೇ. ಆ ಅರ್ಧ ಸೆಕೆಂಡಿನಲ್ಲಿ ಏನು ಹೇಳಬೇಕು ಅನ್ನುವುದನ್ನು ಬೇರೆಯಾಗಿಯೇ ಕಲಿಯಬೇಕು.

ಅದನ್ನು ಕಲಿಯಬಹುದು, ಅದು ಹುಟ್ಟುಗುಣವೇನಲ್ಲ. ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು 1950ರ ದಶಕದಲ್ಲೇ, ಆತಂಕ ಜಾಸ್ತಿ ಇರುವವರಿಗೆ ತಮ್ಮ ಮಾತನ್ನು ನೇರವಾಗಿ ಹೇಳುವ ತರಬೇತಿಯನ್ನು ಚಿಕಿತ್ಸೆಯಾಗಿ ಬಳಸಿದರು. ಅವರ ತರ್ಕ ಸರಳ. ಮನಸ್ಸಿನಲ್ಲಿ ಇರುವುದನ್ನು ನೇರವಾಗಿ ಹೇಳುತ್ತಿರುವಾಗ ಭಯಕ್ಕೆ ಪೂರ್ತಿ ಜಾಗ ಸಿಗುವುದಿಲ್ಲ. ಹಾಗಾಗಿ ಹೇಳುತ್ತಾ ಹೇಳುತ್ತಾ ಭಯ ಸವೆಯುತ್ತದೆ. ಇಂದಿಗೂ ಆಪ್ತಸಮಾಲೋಚಕರು ಇದನ್ನು ಮಾಡಿಸುತ್ತಾರೆ: ಮೊದಲು ಕೋಣೆಯೊಳಗೆ ನಾಟಕದ ಹಾಗೆ, ಆಮೇಲೆ ಸುಲಭದ ಜನರ ಹತ್ತಿರ, ಕೊನೆಗೆ ಕಷ್ಟದವರ ಹತ್ತಿರ.

ನಮ್ಮಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ಮನೆಯಲ್ಲಿ ಅತ್ಯಂತ ಜೋರಿರುವವರ ಮೇಲೇ ಸಿಡಿಯುತ್ತಾರೆ. ಆಮೇಲೆ ಅಳು, ಕ್ಷಮಾಪಣೆ, ಮತ್ತೆ ಹಳೇ ಕಥೆ. ನೀವು ಚಿಕ್ಕದರಿಂದ ಶುರು ಮಾಡಿ. ‘ಇನ್ನೊಂದು ಸ್ವಲ್ಪ ಹಾಕ್ಲಾ?’ ಅಂದಾಗ ‘ಸಾಕು’ ಅನ್ನಿ. ‘ಈಗಲೇ ಬೇಕಾ?’ ಅಂತ ಆಫೀಸಿನಲ್ಲಿ ಕೇಳಿ. ದಿನಕ್ಕೊಂದು ಸಾಕು.

ಮನೆಯವರ ಹತ್ತಿರ ಯೋಗದ ವಿಷಯ ಹೇಳುವಾಗ ಒಂದು ಸಣ್ಣ ವ್ಯಾಕರಣದ ವ್ಯತ್ಯಾಸ ನೋಡಿ. ‘ನಾನು ಬೆಳಗ್ಗೆ ಸ್ವಲ್ಪ ಹೊತ್ತು ಯೋಗ ಮಾಡಲಾ?’ ಇದು ಪ್ರಶ್ನೆ. ಪ್ರಶ್ನೆಗೆ ‘ಇವತ್ತು ಬೇಡ’ ಅನ್ನುವ ಉತ್ತರವೂ ಇರುತ್ತದೆ. ‘ನಾಳೆಯಿಂದ 6 ಗಂಟೆಯಿಂದ 6:20ರ ತನಕ ನಾನು ಸಿಗಲ್ಲ. 6:20ಕ್ಕೆ ಬರ್ತೀನಿ.’ ಇದು ಸುದ್ದಿ. ರೈಲಿನ ಸಮಯ ಹೇಳಿದ ಹಾಗೆ. ಯಾವಾಗ ಸಿಗುತ್ತೀರಿ ಅನ್ನುವುದೂ ಅದರಲ್ಲೇ ಇದೆ, ಹಾಗಾಗಿ ಒರಟು ಅನ್ನಿಸುವುದಿಲ್ಲ.

ಕಾರಣ ಹೇಳಬೇಡಿ. ಕುತ್ತಿಗೆ ನೋವು, ಡಾಕ್ಟರ್ ಹೇಳಿದ್ದಾರೆ, ನಿದ್ದೆ ಬರ್ತಿಲ್ಲ ಅಂತ ಶುರು ಮಾಡಿದರೆ ಚೌಕಾಸಿಯೂ ಶುರು. ‘ನಿನ್ನೆ ಚೆನ್ನಾಗೇ ಇದ್ಯಲ್ಲ?’ ಅಂತ ಒಂದೊಂದೇ ಕಾರಣ ಕಿತ್ತು ಕೈಗೆ ಕೊಡುತ್ತಾರೆ. ಮಾತು ಹೀಗೆ ಹೋಗಲಿ:

‘ನನ್ನ ಅಂಗಿ ಎಲ್ಲಿ?’

‘6:20ಕ್ಕೆ ಹುಡುಕಿ ಕೊಡ್ತೀನಿ.’

‘ಒಂದು ನಿಮಿಷದ ಕೆಲಸ ಅಲ್ವಾ?’

‘ಹೌದು. 6:20ಕ್ಕೆ ಕೊಡ್ತೀನಿ.’

‘ಏನಾಗಿದೆ ನಿಂಗೆ ಇವತ್ತು?’

‘ಏನಿಲ್ಲ. 6:20ಕ್ಕೆ ಬರ್ತೀನಿ.’

ಅದೇ ವಾಕ್ಯ, ಅದೇ ದನಿ. ಹೊಸ ವಾದ ಹುಡುಕುವ ಕೆಲಸವೇ ಇಲ್ಲ, ಅದೇ ಇದರ ಅನುಕೂಲ. ಎದುರಿನವರು ಸಾಮಾನ್ಯವಾಗಿ ಮೂರನೇ ಸಲಕ್ಕೆ ಅಂಗಿಯನ್ನು ತಾವೇ ಹುಡುಕಿಕೊಳ್ಳುತ್ತಾರೆ. ನಿಮಗೆ ಒಳಗೊಳಗೇ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ, ಮೊದಲ ವಾರ ತುಂಬಾನೇ ಅನ್ನಿಸುತ್ತದೆ. ಅನ್ನಿಸಲಿ, ಬೆನ್ನು ನೆಲಕ್ಕೆ ಹಾಕಿ ಮಲಗಿಕೊಂಡೇ ಅನ್ನಿಸಲಿ. ಈ ವಾಕ್ಯವನ್ನು ಮೊದಲು ಕನ್ನಡಿಯ ಮುಂದೆ ಜೋರಾಗಿ ಹತ್ತು ಸಲ ಹೇಳಿ. ನಗು ಬರುತ್ತದೆ, ಪರವಾಗಿಲ್ಲ. ಮನಸ್ಸಿನಲ್ಲಿ ಅಂದುಕೊಂಡ ವಾಕ್ಯಕ್ಕೆ ನಾಲಿಗೆ ಪಳಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ಆಗಲ್ಲ’ ಅಂದರೆ ಹೊಡೆಯುತ್ತಾರೆ, ಹೊರಗೆ ಹಾಕುತ್ತಾರೆ, ಮಕ್ಕಳನ್ನು ದೂರ ಮಾಡುತ್ತಾರೆ ಅನ್ನುವ ಭಯ ಮನೆಯಲ್ಲಿದ್ದರೆ ಮೇಲಿನದ್ಯಾವುದೂ ಅನ್ವಯಿಸುವುದಿಲ್ಲ. ಅಂಥ ಕಡೆ ನೀವು ಸುಮ್ಮನಿರುವುದು ದೌರ್ಬಲ್ಯವಲ್ಲ, ಜೀವ ಉಳಿಸಿಕೊಳ್ಳುವ ಜಾಣತನ. ಆಗ ಬೇಕಾಗಿರುವುದು ಹೊರಗಿನ ಸಹಾಯ. ನಂಬಿಕೆಯ ಒಬ್ಬರಿಗೆ ಮೊದಲು ತಿಳಿಸಿ.

ಇನ್ನು ಶುರು ಮಾಡುವ ಬಗೆ. ಒಂದು ಗಂಟೆಯ ಕ್ಲಾಸ್, ವಾರಕ್ಕೆ ಆರು ದಿನ ಅಂತ ಇಳಿಯಬೇಡಿ. ಮೊದಲ ಎರಡು ವಾರ ಹತ್ತೇ ನಿಮಿಷ. ಆದರೆ ಹೇಳುವುದು ಇಪ್ಪತ್ತು ಅಂತಲೇ ಹೇಳಿ! ಉಳಿದ ಹತ್ತು ನಿಮಿಷ ಸುಮ್ನೆ ಮಲಗಿ, ಅದೂ ಲೆಕ್ಕಕ್ಕಿದೆ.

‘21 ದಿನ ಮಾಡಿದರೆ ಅಭ್ಯಾಸವಾಗುತ್ತದೆ’ ಅನ್ನುವ ಮಾತನ್ನು ಕೇಳಿರುತ್ತೀರಿ. 21 ದಿನ ಮಾಡಿಯೂ 22ನೇ ದಿನ ಏಳಲು ಬೇಜಾರಾದರೆ ‘ನನ್ನಲ್ಲೇ ಏನೋ ಕೊರತೆ’ ಅಂತ ಬಿಟ್ಟುಬಿಡುತ್ತೇವೆ. ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಲಂಡನ್ನಿನಲ್ಲಿ 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನವಾದರೆ, ಕೆಲವರ ಲೆಕ್ಕ 254ರ ತನಕ ಹೋಯಿತು. ಅದರಲ್ಲಿ ನನಗೆ ಇಷ್ಟವಾದ ಸಂಗತಿ ಇನ್ನೊಂದು: ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗಲಿಲ್ಲ. ಹಾಗಾಗಿ ಜ್ವರ ಬಂದ ದಿನ, ಪರೀಕ್ಷೆಯ ದಿನ ಬಿಡಿ. ಮಾರನೇ ದಿನ ಮ್ಯಾಟ್ ಹಾಸಿ, ಅಷ್ಟೇ. ರಾತ್ರಿ ಮಲಗುವ ಮುಂಚೆಯೇ ಹಾಸಿಟ್ಟರೆ ಇನ್ನೂ ಒಳ್ಳೆಯದು. ಬೆಳಗ್ಗೆ ಹಲ್ಲುಜ್ಜಿ ಬಂದವಳು ನೇರವಾಗಿ ಅದರ ಮೇಲೇ ಕಾಲಿಡಬೇಕು. ಫೋನು ಇನ್ನೊಂದು ಕೋಣೆಯಲ್ಲಿ.

ಬೆಳಗ್ಗೆ ಎದ್ದ ತಕ್ಷಣ ಬೆನ್ನು ಬಿಗಿಯಾಗಿರುವುದು ನಿಮ್ಮೊಬ್ಬರದ್ದೇ ಸಮಸ್ಯೆ ಅಲ್ಲ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಅದಕ್ಕೇ ಎದ್ದ ಮೊದಲರ್ಧ ಗಂಟೆ ಆಳವಾಗಿ ಮುಂದಕ್ಕೆ ಬಾಗುವುದು ಬೇಡ. ಸಂಜೆ ಮಾಡುವುದಾದರೆ ಊಟವಾಗಿ ಮೂರು ಗಂಟೆ ಕಳೆದಿರಲಿ.

ಏನು ಮಾಡಬೇಕು? ಮೊದಲು ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಿಚಿ, ಪಾದ ನೆಲಕ್ಕೆ. ಕೈ ಹೊಟ್ಟೆಯ ಮೇಲೆ. ಎರಡು ನಿಮಿಷ ಉಸಿರು ಎಲ್ಲಿ ಓಡಾಡುತ್ತಿದೆ ಅಂತ ನೋಡುವುದೇ ಕೆಲಸ. ಆಮೇಲೆ ಮಂಡಿ, ಅಂಗೈ ಊರಿ ಮಾರ್ಜಾಲಾಸನ, ಬೆಕ್ಕಿನ ಹಾಗೆ. ಉಸಿರು ತೆಗೆದುಕೊಳ್ಳುತ್ತಾ ಎದೆ ಮುಂದಕ್ಕೆ, ಬಿಡುತ್ತಾ ಬೆನ್ನು ಮೇಲಕ್ಕೆ. ಎಂಟು ಸಲ. ಕುತ್ತಿಗೆಯನ್ನು ಎತ್ತಿ ಮುರಿಯಬೇಡಿ, ಬೆನ್ನಿನ ಬಾಲದಂತೆ ಅದು ಕೊನೆಗೆ ಹಿಂಬಾಲಿಸಲಿ.

ಎದ್ದು ನಿಂತು ತಾಡಾಸನ. ಇದನ್ನು ‘ಸುಮ್ಮನೆ ನಿಲ್ಲುವುದು’ ಅಂತ ಎಲ್ಲರೂ ಓಡಿಸಿಬಿಡುತ್ತಾರೆ. ನನ್ನ ಪ್ರಕಾರ ನಿಮಗೆ ಅತಿ ಮುಖ್ಯವಾದ ಆಸನ ಇದೇ, ಹಾಗಾಗಿ ಸ್ವಲ್ಪ ನಿಧಾನ ಮಾಡೋಣ. ಪಾದಗಳ ನಡುವೆ ಒಂದು ಗೇಣು ಅಂತರ. ಮೊದಲು ಮೈಯನ್ನು ಹಿಂದೆ ಮುಂದೆ ತೂಗಿ, ಭಾರ ಹಿಮ್ಮಡಿಯಲ್ಲೂ ಇಲ್ಲದ ಬೆರಳಲ್ಲೂ ಇಲ್ಲದ ಜಾಗ ಹುಡುಕಿ. ಮಂಡಿಯನ್ನು ಹಿಂದಕ್ಕೆ ಲಾಕ್ ಮಾಡಬೇಡಿ. ಭುಜವನ್ನು ಒಮ್ಮೆ ಬೇಕಂತಲೇ ಕಿವಿಯ ತನಕ ಏರಿಸಿ, ಉಸಿರಿನ ಜೊತೆ ಬಿಟ್ಟುಬಿಡಿ. ಈಗ ಅವು ನಿಂತಿರುವ ಜಾಗ ಯಾವುದು, ನೆನಪಿಟ್ಟುಕೊಳ್ಳಿ. ಕಣ್ಣು ನೇರಕ್ಕೆ. ಹತ್ತು ಉಸಿರು. ಹೆಚ್ಚಿನವರು ಐದನೇ ಉಸಿರಿಗೆ ಕೈ ಕಟ್ಟಿಕೊಳ್ಳುತ್ತಾರೆ, ಅಥವಾ ಒಂದು ಕಾಲಿಗೆ ಭಾರ ಹಾಕಿ ಸೊಂಟ ಓರೆ ಮಾಡುತ್ತಾರೆ. ನಿಂತ ಜಾಗದಲ್ಲಿ ಜಾಗ ಹಿಡಿದು ನಿಲ್ಲುವುದೇ ನಮಗೆ ಅಭ್ಯಾಸವಿಲ್ಲ. ‘6:20ಕ್ಕೆ ಬರ್ತೀನಿ’ ಅನ್ನುವ ವಾಕ್ಯವನ್ನು ಹೀಗೆ ನಿಂತು ಹೇಳಿ ನೋಡಿ, ಬಾಗಿಲಿಗೆ ಒರಗಿ ಹೇಳಿದ್ದಕ್ಕಿಂತ ದನಿ ಬೇರೆಯಾಗಿ ಬರುತ್ತದೆ.

ಆಮೇಲೆ ಗೋಡೆಗೆ ಅಂಗೈ ಒತ್ತಿ, ಹಿಂದೆ ಹೆಜ್ಜೆ ಇಡುತ್ತಾ ಸೊಂಟದಿಂದ ಬಾಗಿ, ಬೆನ್ನು ಮೇಜಿನ ಹಾಗೆ ಬರಲಿ. ಕಂಪ್ಯೂಟರ್ ಮುಂದೆ ಕೂತ ಭುಜಗಳಿಗೆ ಇದು ಹಾಯೆನಿಸುತ್ತದೆ. ಗೋಡೆಯ ಪಕ್ಕದಲ್ಲೇ, ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನ. ಪಾದವನ್ನು ಮೀನಖಂಡಕ್ಕೆ ಇಟ್ಟರೆ ಸಾಕು, ಮಂಡಿಗೆ ಒತ್ತಬೇಡಿ. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಿಚಿ ಸೊಂಟ ಮೇಲೆತ್ತುವ ಸೇತುಬಂಧಾಸನ ಮೂರು ಸಲ. ಕೊನೆಗೆ ಶವಾಸನ, ಮೊಣಕಾಲಿನ ಕೆಳಗೆ ದಿಂಬು. ಏಳುವಾಗ ಬಲಕ್ಕೆ ಹೊರಳಿ ನಿಧಾನವಾಗಿ ಏಳಿ. ದಡಕ್ಕನೆ ಎದ್ದರೆ ತಲೆ ಸುತ್ತಬಹುದು.

ದಿಂಬು, ಗೋಡೆ, ಕುರ್ಚಿ, ಮಡಿಚಿದ ಕಂಬಳಿ ಬಳಸಲು ಸಂಕೋಚ ಬೇಡ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಸೊರಗಿದ್ದ ಹುಡುಗ. ಬೆಲ್ಟು, ಮರದ ತುಂಡು, ಕುರ್ಚಿ ಇವೆಲ್ಲ ಯೋಗದ ಕೋಣೆಗೆ ಬಂದದ್ದರಲ್ಲಿ ಅವರ ಪಾತ್ರವೇ ದೊಡ್ಡದು. ಮೈ ಬಗ್ಗದಿರುವುದು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿದ್ದೆಗೆ ಒಂದು ಉಪಾಯ. ರಾತ್ರಿ ಮಲಗಿಕೊಂಡು, ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ಐದು ನಿಮಿಷ. ಎರಡು ಬೆರಳನ್ನು ಮಣಿಕಟ್ಟಿನ ನಾಡಿಯ ಮೇಲಿಟ್ಟು ನೋಡಿ: ಉಸಿರು ಒಳಗೆ ಹೋಗುವಾಗ ನಾಡಿ ಸ್ವಲ್ಪ ಚುರುಕು, ಬಿಡುವಾಗ ನಿಧಾನ. ಬಿಡುವ ಉಸಿರು ಉದ್ದವಾದಷ್ಟೂ ಮೈಗೆ ವಿಶ್ರಾಂತಿಯ ಸುದ್ದಿ ತಲುಪುತ್ತದೆ. ಉಸಿರು ಹಿಡಿದಿಟ್ಟುಕೊಳ್ಳುವುದು, ರಭಸವಾಗಿ ಉಸಿರು ಹೊರದೂಡುವ ಕಪಾಲಭಾತಿ ಇವೆಲ್ಲ ಈಗ ಬೇಡ. ಎಣಿಸುವುದರಿಂದಲೇ ಗಾಬರಿ ಆಗುವವರಿದ್ದಾರೆ. ನೀವೂ ಹಾಗಾದರೆ ಎಣಿಕೆ ಬಿಟ್ಟುಬಿಡಿ, ಉದ್ದಕ್ಕೆ ಒಂದು ನಿಟ್ಟುಸಿರು ಸಾಕು.

ಯಾರು ಎಚ್ಚರವಾಗಿರಬೇಕು ಅನ್ನುವುದನ್ನೂ ಬೇಗ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಆಯಿತು. ಹಿಡಿತಕ್ಕೆ ಬಾರದ ಬಿಪಿ ಅಥವಾ ಕಣ್ಣಿನಲ್ಲಿ ಗ್ಲಾಕೋಮಾ ಇದ್ದರೆ ತಲೆ ಕೆಳಗಾಗುವ ಆಸನ ಬೇಡ. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇದ್ದರೆ ಬೆನ್ನು ಗುಂಡಗೆ ಮಾಡಿ ಬಾಗಬಾರದು. ಗರ್ಭಿಣಿಯರು ಅದಕ್ಕಾಗಿಯೇ ಕಲಿತವರ ಹತ್ತಿರ ಹೋಗಲಿ. ಯೋಗ ಶುರು ಮಾಡಿದೆ ಅಂತ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಕುತ್ತಿಗೆ ನೋವಿನ ಜೊತೆ ಕೈ ಜೋಮು ಹಿಡಿದರೆ, ಹಿಡಿದ ವಸ್ತು ಜಾರಿದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಇನ್ನು, ನಾನು ಹೇಳಿದ ಈ ಮೆದುವಾದ ಆಸನಗಳು ನಡಿಗೆಗೆ ಬದಲಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು ಅಂತಿದೆ. ಬಿರುಸಾದ ನಡಿಗೆ ಅದರಲ್ಲಿ ಸೇರುತ್ತದೆ.

ಎರಡು ತಿಂಗಳು ಮನೆಯಲ್ಲೇ ಮಾಡಿ. ಆಮೇಲೆ ಮತ್ತೆ ಕ್ಲಾಸಿಗೆ ಹೋಗಬೇಕು ಅನ್ನಿಸಬಹುದು. ಹೋಗಿ, ಗುಂಪಿನಲ್ಲಿ ಮಾಡುವ ಖುಷಿಯೇ ಬೇರೆ. ಹೋಗುವಾಗ ಒಂದು ವಾಕ್ಯ ಬಾಯಲ್ಲಿರಲಿ: ‘ಮುಟ್ಟಿ ತಿದ್ದುವುದು ಬೇಡ, ಬಾಯಲ್ಲಿ ಹೇಳಿ, ನಾನು ಸರಿ ಮಾಡ್ಕೊಳ್ತೀನಿ.’ ಒಳ್ಳೆಯ ಟೀಚರ್ ‘ಆಯ್ತು’ ಅಂದು ಮುಂದಿನ ಮಾತಿಗೆ ಹೋಗುತ್ತಾರೆ. ಈಗೀಗ ಕೆಲವು ಕಡೆ ಮ್ಯಾಟಿನ ಪಕ್ಕ ಒಂದು ಸಣ್ಣ ಕಾರ್ಡ್ ಇಡುತ್ತಾರೆ. ಒಂದು ಕಡೆ ತಿರುಗಿಸಿದರೆ ಮುಟ್ಟಬಹುದು, ಇನ್ನೊಂದು ಕಡೆ ತಿರುಗಿಸಿದರೆ ಬೇಡ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಅನ್ನುವವರೂ ಸಿಗುತ್ತಾರೆ. ಅವರ ಹತ್ತಿರ ವಾದ ಮಾಡುವ ಅಗತ್ಯವಿಲ್ಲ, ಬೇರೆ ಕ್ಲಾಸು ನೋಡಿ.

ಆಸನದ ನಡುವೆ, ಅವರ ಕೈ ಬೆನ್ನ ಮೇಲೆ ಬಂದಾಗ ಹೇಳುವುದು ಕಷ್ಟ. ನನಗಂತೂ ಈಗಲೂ ಕಷ್ಟ. ಅದಕ್ಕೇ ಬಾಗಿಲಲ್ಲೇ ಹೇಳಿಬಿಡಿ, ಚಪ್ಪಲಿ ಬಿಡುವ ಮೊದಲೇ.